ಈ ಫೈಲ್ ಯಾವ ಪ್ಯಾಕೇಜಿನದ್ದು? ಹುಡುಕುವ ದಾರಿಗಳಲ್ಲಿ ನಿಮಗೆ ಹೊಂದುವುದು ಯಾವುದು

ಲಿನಕ್ಸ್‌ನಲ್ಲಿ ಕನ್ನಡದ ಹಳೆಯ ಪುಟವೊಂದನ್ನು ಸ್ಕ್ಯಾನ್ ಮಾಡಿ, ಚಿತ್ರದಿಂದ ಅಕ್ಷರ ಓದುವ (ಒಸಿಆರ್) ತಂತ್ರಾಂಶ ಟೆಸರಾಕ್ಟ್‌ಗೆ ಕೊಟ್ಟರೆ 'ಕನ್.ಟ್ರೇನ್ಡ್‌ಡೇಟಾ' ಎಂಬ ಫೈಲ್ ತೆರೆಯಲಾಗುತ್ತಿಲ್ಲ ಎಂದು ಹೇಳಿ ನಿಂತುಬಿಡುತ್ತದೆ. ಹೊಸ ಸರ್ವರಿನಲ್ಲಿ ಡಿಎನ್ಎಸ್ ವಿಳಾಸ ಹುಡುಕುವ 'ಡಿಗ್' ಕಮಾಂಡ್ ಟೈಪ್ ಮಾಡಿದರೆ 'ಕಮಾಂಡ್ ನಾಟ್ ಫೌಂಡ್'. ಎರಡು ಕಡೆಯೂ ತೊಡಕು ಒಂದೇ: ಬೇಕಾದ ಫೈಲಿನ ಹೆಸರು ಗೊತ್ತು, ಅದು ಯಾವ ಪ್ಯಾಕೇಜಿನಲ್ಲಿ (ಒಟ್ಟಿಗೆ ಇನ್‌ಸ್ಟಾಲ್ ಆಗುವ ಫೈಲುಗಳ ಕಟ್ಟಿನಲ್ಲಿ) ಬರುತ್ತದೆ ಎಂಬುದು ಗೊತ್ತಿಲ್ಲ. ಹೆಸರು ನೋಡಿ ಊಹಿಸಿದರೆ ಪ್ರಯೋಜನವಿಲ್ಲ. ಡಿಗ್ ಅನ್ನುವ ಪ್ಯಾಕೇಜೇ ಇಲ್ಲ. ಲಿನಕ್ಸ್ ವಿತರಣೆಗಳಲ್ಲಿ ಒಂದಾದ ಡೆಬಿಯನ್‌ನಲ್ಲಿ ಅದು 'ಬೈಂಡ್9-ಡಿಎನ್ಎಸ್‌ಯುಟಿಲ್ಸ್' ಒಳಗಿದೆ, ಫೆಡೋರಾದಲ್ಲಿ 'ಬೈಂಡ್-ಯುಟಿಲ್ಸ್' ಒಳಗೆ, ಆರ್ಚ್‌ನಲ್ಲಿ ಬರೀ 'ಬೈಂಡ್' ಒಳಗೆ.

ಹುಡುಕಿಕೊಡುವ ಸಾಧನಗಳು ಹಲವಿವೆ. ಒಂದೊಂದೂ ಬೇರೆ ಬೇರೆ ಪಟ್ಟಿಯಲ್ಲಿ ಹುಡುಕುತ್ತದೆ. ಆ ಪಟ್ಟಿಯಲ್ಲಿ ಇಲ್ಲದ್ದನ್ನು ಕೇಳಿದಾಗ 'ಸಿಗಲಿಲ್ಲ' ಎಂದಷ್ಟೇ ಹೇಳುತ್ತದೆ, 'ನಾನು ಅಲ್ಲಿ ನೋಡಿಯೇ ಇಲ್ಲ' ಎಂದು ಹೇಳುವುದಿಲ್ಲ. ಗೊಂದಲವೆಲ್ಲ ಹುಟ್ಟುವುದು ಇಲ್ಲೇ.

ಬರೆದ ಕ್ರಮದ ಬಗ್ಗೆ ಒಂದು ಮಾತು. ಕಮಾಂಡುಗಳನ್ನು ಉಚ್ಚಾರದಂತೆ ಕನ್ನಡದಲ್ಲೇ ಕೊಟ್ಟಿದೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರಗಳನ್ನು ಬಳಸಿ, ದೊಡ್ಡಕ್ಷರ ಬೇಕಾದ ಕಡೆ ಹಾಗೆಂದು ಹೇಳಿದೆ. ಡೆಬಿಯನ್‌ನ ಪ್ಯಾಕೇಜ್ ಸಾಧನ ಡಿಪಿಕೆಜಿಯಲ್ಲಿ ಸಣ್ಣ ಎಸ್ ಒಂದು ಕೆಲಸ ಮಾಡಿದರೆ ದೊಡ್ಡ ಎಸ್ ಬೇರೆಯದೇ ಕೆಲಸ ಮಾಡುತ್ತದೆ. ಹಾಗಾಗಿ ಪ್ಯಾಕೇಜ್ ಹುಡುಕುವ ಸಾಧನಗಳಿಗೆ ಒಂಟಿ ಅಕ್ಷರದ ಆಯ್ಕೆಗಳನ್ನು ಬಿಟ್ಟು, ಎರಡು ಅಡ್ಡಗೆರೆಯ ಉದ್ದ ಹೆಸರುಗಳನ್ನೇ ಕೊಟ್ಟಿದೆ.

ಯಾವುದನ್ನು ನೋಡಿ ಆರಿಸಬೇಕು

ಎಲ್ಲಕ್ಕಿಂತ ಮೊದಲು: ಆ ಫೈಲ್ ನಿಮ್ಮ ಯಂತ್ರದಲ್ಲಿ ಈಗಾಗಲೇ ಇದೆಯೋ, ಇಲ್ಲವೋ? ಇದ್ದರೆ ಸ್ಥಳೀಯ ಪಟ್ಟಿ ಸಾಕು. ನೆಟ್ ಬೇಡ, ಡೇಟಾ ಖರ್ಚಿಲ್ಲ. ಇಲ್ಲದಿದ್ದರೆ ರೆಪೊಸಿಟರಿಯ (ಪ್ಯಾಕೇಜುಗಳನ್ನು ಇಳಿಸಿಕೊಳ್ಳುವ ಸಂಗ್ರಹದ) ಇಡೀ ಪಟ್ಟಿ ಬೇಕು.

ಆಮೇಲೆ, ನೀವು ಹುಡುಕುತ್ತಿರುವುದು ಕಮಾಂಡೋ ಅಥವಾ ಬೇರೆ ಬಗೆಯ ಫೈಲೋ? ಲೈಬ್ರರಿ, ಹೆಡರ್, ಫಾಂಟ್, ಭಾಷೆಯ ಡೇಟಾ ಇವನ್ನು ಕೆಲವು ಸಾಧನಗಳು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮೂರನೆಯದು ಖರ್ಚು: ಪೂರ್ತಿ ಪಟ್ಟಿ ಎಂದರೆ ಸಂಕುಚಿತ ರೂಪದಲ್ಲೂ ಹತ್ತಾರು ಎಂಬಿ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಕೆಲಸ ಮಾಡುವವರಿಗೆ, ಚಿಕ್ಕ ಕ್ಲೌಡ್ ಸರ್ವರ್ ಇಟ್ಟುಕೊಂಡವರಿಗೆ ಇದು ಸಣ್ಣ ವಿಷಯವಲ್ಲ. ಕೊನೆಗೆ, ಸಿಗುವ ಉತ್ತರ ನಿಮ್ಮದೇ ಆವೃತ್ತಿಗೆ, ನೀವು ಸೇರಿಸಿಕೊಂಡಿರುವ ರೆಪೊಸಿಟರಿಗಳಿಗೆ ಹೊಂದುತ್ತದೆಯೇ ಎಂಬುದು.

ಹುಡುಕುವ ಮೊದಲು ಒಂದು ನಿಮಿಷ

'ಕಮಾಂಡ್ ನಾಟ್ ಫೌಂಡ್' ಎಂದಾಕ್ಷಣ ಪ್ಯಾಕೇಜ್ ಇಲ್ಲವೆಂದೇ ಅರ್ಥವಲ್ಲ. ಡೆಬಿಯನ್‌ನಲ್ಲಿ ಸಾಮಾನ್ಯ ಬಳಕೆದಾರನ ಪಾತ್‌ನಲ್ಲಿ (ಕಮಾಂಡುಗಳನ್ನು ಶೆಲ್ ಹುಡುಕುವ ಫೋಲ್ಡರುಗಳ ಪಟ್ಟಿಯಲ್ಲಿ) /ಯುಎಸ್ಆರ್/ಎಸ್‌ಬಿನ್ ಇರುವುದಿಲ್ಲ. ಹಾಗಾಗಿ 'ಎಫ್‌ಡಿಸ್ಕ್', 'ಯೂಸರ್‌ಮಾಡ್' ಮುಂತಾದವು ಡಿಸ್ಕಿನಲ್ಲಿದ್ದರೂ ಸಿಗುವುದಿಲ್ಲ. ಬರೀ 'ಎಸ್‌ಯು' ಎಂದು ರೂಟ್ ಆದವರಿಗೂ ಡೆಬಿಯನ್ 10ರಿಂದ ಹೀಗೇ ಆಗುತ್ತದೆ, ಹಳೆಯ ಪಾತ್ ಹಾಗೇ ಉಳಿಯುತ್ತದೆ. 'ಎಸ್‌ಯು -' ಎಂದು ಅಡ್ಡಗೆರೆ ಸೇರಿಸಿದರೆ ಸರಿಹೋಗುತ್ತದೆ. ಪ್ಯಾಕೇಜ್ ಹುಡುಕುವ ಮುಂಚೆ ಫೈಲಿನ ಪೂರ್ತಿ ಪಾತ್ (ಫೋಲ್ಡರ್ ಸಹಿತ ಹೆಸರು) ಕೊಟ್ಟು ಒಮ್ಮೆ ಓಡಿಸಿ ನೋಡಿ.

ಕಮಾಂಡ್ ಕೆಲಸ ಮಾಡುತ್ತಿದ್ದು, ಎಲ್ಲಿಂದ ಬಂತು ಎಂದಷ್ಟೇ ತಿಳಿಯಬೇಕಿದ್ದರೆ 'ಟೈಪ್ -ಎ' ಎಂದು ಹೇಳಿ ಕಮಾಂಡಿನ ಹೆಸರು ಕೊಡಿ. 'ಸಿಡಿ' ಶೆಲ್‌ನ ಒಳಗೇ ಇರುವಂಥದ್ದು, 'ಎಲ್ಎಲ್' ಬಹುಪಾಲು ಒಂದು ಅಲಿಯಾಸ್. ಇವನ್ನು ತರುವ ಫೈಲೇ ಇಲ್ಲ. ದಾರಿ /ಯುಎಸ್ಆರ್/ಲೋಕಲ್ ಕಡೆಗೋ ನಿಮ್ಮ ಹೋಮ್‌ನ .ಲೋಕಲ್/ಬಿನ್ ಕಡೆಗೋ ಹೋದರೆ ಅದು ಪೈಥಾನ್‌ನ ಪಿಪ್‌ನಿಂದಲೋ ಕೈಯಾರೆ ಮಾಡಿದ ಇನ್‌ಸ್ಟಾಲ್‌ನಿಂದಲೋ ಬಂದದ್ದು, ಪ್ಯಾಕೇಜ್ ಮ್ಯಾನೇಜರ್‌ಗೆ ಅದರ ಸುಳಿವಿರುವುದಿಲ್ಲ. /ಸ್ನ್ಯಾಪ್/ಬಿನ್ ಎಂದು ಬಂದರೆ ಸ್ನ್ಯಾಪ್ ಎಂಬ ಬೇರೆ ಪ್ಯಾಕೇಜ್ ವ್ಯವಸ್ಥೆಯದ್ದು.

ಯಂತ್ರದಲ್ಲೇ ಇರುವ ಫೈಲಿಗೆ: ಡಿಪಿಕೆಜಿ

ಡೆಬಿಯನ್, ಉಬುಂಟು, ಮಿಂಟ್ ಬಳಸುವವರಿಗೆ 'ಡಿಪಿಕೆಜಿ --ಸರ್ಚ್' ಎಂದು ಹೇಳಿ ಫೈಲಿನ ಪಾತ್ ಕೊಟ್ಟರೆ ಕ್ಷಣದಲ್ಲಿ ಉತ್ತರ. ಹೊಸದಾಗಿ ಏನನ್ನೂ ಹಾಕಬೇಕಿಲ್ಲ, ನೆಟ್ ಬೇಕಿಲ್ಲ. ಅದು ನೋಡುವುದು /ವರ್/ಲಿಬ್/ಡಿಪಿಕೆಜಿ/ಇನ್ಫೋ ಫೋಲ್ಡರಿನಲ್ಲಿರುವ ಪಟ್ಟಿಗಳನ್ನು, ಅಂದರೆ ಇನ್‌ಸ್ಟಾಲ್ ಆದ ಪ್ಯಾಕೇಜುಗಳನ್ನು ಮಾತ್ರ. ಇಲ್ಲದ 'ಕನ್.ಟ್ರೇನ್ಡ್‌ಡೇಟಾ'ವನ್ನು ಇದರಲ್ಲಿ ಹುಡುಕಿ ಫಲವಿಲ್ಲ.

ಇರುವ ಫೈಲಿಗೂ ಇದು 'ಇಲ್ಲ' ಅನ್ನುವ ಸಂದರ್ಭಗಳಿವೆ, ಕಾರಣ ಒಂದೊಂದು ಸಲ ಒಂದೊಂದು. ಡೆಬಿಯನ್ 12ರಲ್ಲಿ 'ವಿಚ್ ಎಲ್ಎಸ್' ಎಂದರೆ /ಯುಎಸ್ಆರ್/ಬಿನ್/ಎಲ್ಎಸ್ ಎಂದು ಬರುತ್ತದೆ; ಅದನ್ನೇ ಡಿಪಿಕೆಜಿಗೆ ಕೊಟ್ಟರೆ ಸಿಗುವುದಿಲ್ಲ. /ಬಿನ್ ಈಗ /ಯುಎಸ್ಆರ್/ಬಿನ್‌ಗೆ ಸಿಮ್‌ಲಿಂಕ್ (ಬೇರೆಡೆಗೆ ತೋರಿಸುವ ಕೊಂಡಿ) ಆಗಿದ್ದರೂ ಪ್ಯಾಕೇಜಿನ ಪಟ್ಟಿಯಲ್ಲಿ ಹಳೆಯ /ಬಿನ್/ಎಲ್ಎಸ್ ಎಂದೇ ಬರೆದಿದೆ. 2025ರ ಡೆಬಿಯನ್ 13ರಲ್ಲಿ ಪಟ್ಟಿಗಳು /ಯುಎಸ್ಆರ್‌ಗೆ ಸರಿದಿವೆ, ಅಲ್ಲಿ /ಬಿನ್/ಎಲ್ಎಸ್ ಕೇಳಿದರೆ ಸಿಗುವುದಿಲ್ಲ. ಎರಡಕ್ಕೂ ಹೊಂದುವ ಉಪಾಯ: ಕೊಟೇಶನ್ ಗುರುತಿನೊಳಗೆ '*/ಬಿನ್/ಎಲ್ಎಸ್' ಎಂದು ಕೊಡಿ. ನಕ್ಷತ್ರ ಹಾಕದೆ 'ಬಿನ್/ಎಲ್ಎಸ್' ಎಂದರೆ ಎರಡೂ ಬದಿಗೆ ಅದೇ ನಕ್ಷತ್ರ ಸೇರಿಸಿಕೊಂಡು 'ಎಲ್ಎಸ್‌ಬಿಎಲ್‌ಕೆ' ಮೊದಲಾದವನ್ನೂ ಎಳೆದು ತರುತ್ತದೆ.

ಇನ್ನೊಂದು, ಆಲ್ಟರ್ನೇಟಿವ್ಸ್, ಅಂದರೆ ಒಂದೇ ಕೆಲಸದ ಹಲವು ಪ್ರೋಗ್ರಾಂಗಳಲ್ಲಿ ಒಂದನ್ನು ಆರಿಸುವ ವ್ಯವಸ್ಥೆ. /ಯುಎಸ್ಆರ್/ಬಿನ್/ಆಕ್ ಎಂಬುದು ಯಾವ ಪ್ಯಾಕೇಜಿನದ್ದೂ ಅಲ್ಲ. ಅದು /ಇಟಿಸಿ/ಆಲ್ಟರ್ನೇಟಿವ್ಸ್ ಮೂಲಕ ಮಾಕ್‌ಗೋ ಗಾಕ್‌ಗೋ ಹೋಗುವ ಸಿಮ್‌ಲಿಂಕ್. 'ಎಡಿಟರ್', 'ಜಾವಾ' ಕೂಡ ಹೀಗೇ. 'ರೀಡ್‌ಲಿಂಕ್ -ಎಫ್' ಹಾಕಿ ಕೊನೆಯ ಪಾತ್ ತೆಗೆದುಕೊಂಡು ಅದನ್ನು ಕೇಳಿ. ಇನ್‌ಸ್ಟಾಲ್ ಆದ ಮೇಲೆ ಹುಟ್ಟುವ ಫೈಲುಗಳದ್ದು ಬೇರೆ ಕಥೆ: ಕನ್ನಡ ಲೊಕೇಲ್ (ಭಾಷೆಯ ಸೆಟ್ಟಿಂಗ್) ಎಬ್ಬಿಸಿದಾಗ ತಯಾರಾಗುವ /ಯುಎಸ್ಆರ್/ಲಿಬ್/ಲೊಕೇಲ್/ಲೊಕೇಲ್-ಆರ್ಕೈವ್‌ಗೆ ಯಾವ ಪ್ಯಾಕೇಜೂ ಒಡೆಯನಲ್ಲ, ಅದರ ಮೂಲ ವಿವರಣೆ ಮಾತ್ರ 'ಲೊಕೇಲ್ಸ್' ಪ್ಯಾಕೇಜಿನಲ್ಲಿದೆ.

ತಿರುವುಮುರುವು ತೊಂದರೆ ಡಾಕರ್‌ನಲ್ಲಿ ಕಾಣುತ್ತದೆ. ಡೆಬಿಯನ್‌ನ ಸ್ಲಿಮ್ ಇಮೇಜುಗಳಲ್ಲಿ ಡಾಕ್ಯುಮೆಂಟೇಶನ್ ಮತ್ತು ಮ್ಯಾನ್ ಪೇಜುಗಳನ್ನು ಬಿಡಿಸುವಾಗಲೇ ಕೈಬಿಡುವ ಸೆಟ್ಟಿಂಗ್ ಇರುತ್ತದೆ. ಆದರೆ 'ಡಿಪಿಕೆಜಿ --ಲಿಸ್ಟ್‌ಫೈಲ್ಸ್' ಪಟ್ಟಿಯಲ್ಲಿ ಅವು ಇವೆ ಎಂದೇ ತೋರಿಸುತ್ತದೆ. ಪಟ್ಟಿಯಲ್ಲಿದ್ದು ಡಿಸ್ಕಿನಲ್ಲಿ ಇಲ್ಲದಿದ್ದರೆ ಪ್ಯಾಕೇಜನ್ನು ಮತ್ತೆ ಹಾಕಿ ಪ್ರಯೋಜನವಿಲ್ಲ, /ಇಟಿಸಿ/ಡಿಪಿಕೆಜಿ/ಡಿಪಿಕೆಜಿ.ಸಿಎಫ್‌ಜಿ.ಡಿ ಒಳಗಿನ 'ಪಾತ್-ಎಕ್ಸ್‌ಕ್ಲೂಡ್' ಸಾಲುಗಳನ್ನು ನೋಡಿ.

ಇಲ್ಲದ ಫೈಲಿಗೆ: ಆಪ್ಟ್-ಫೈಲ್

ಡೆಬಿಯನ್ ಕುಟುಂಬದಲ್ಲಿ ಒಂದೇ ಸಾಧನ ಆರಿಸಿ ಎಂದರೆ ಇದನ್ನೇ ಆರಿಸಬೇಕು. ಕಮಾಂಡ್, ಲೈಬ್ರರಿ, ಫಾಂಟ್, ಹೆಡರ್ ಎಲ್ಲವನ್ನೂ ಹುಡುಕುತ್ತದೆ, ನಿಮ್ಮ ಆವೃತ್ತಿಯ ಪಟ್ಟಿಯಲ್ಲೇ ಹುಡುಕುತ್ತದೆ. 'ಆಪ್ಟ್ ಇನ್‌ಸ್ಟಾಲ್ ಆಪ್ಟ್-ಫೈಲ್', ಆಮೇಲೆ 'ಆಪ್ಟ್-ಫೈಲ್ ಅಪ್‌ಡೇಟ್', ಆಮೇಲೆ ಹುಡುಕಾಟ. ಎರಡನೆಯ ಹೆಜ್ಜೆ ಮರೆತರೆ ಕ್ಯಾಶ್ ಖಾಲಿ ಎಂದು ತಾನೇ ಹೇಳುತ್ತದೆ.

'ಆಪ್ಟ್-ಫೈಲ್ ಸರ್ಚ್ ಕನ್.ಟ್ರೇನ್ಡ್‌ಡೇಟಾ' ಎಂದರೆ 'ಟೆಸರಾಕ್ಟ್-ಒಸಿಆರ್-ಕನ್' ಎಂದು ಬರುತ್ತದೆ. ಇಲ್ಲಿ ಗಮನಿಸಬೇಕಾದ್ದು ಅಕ್ಷರದ ಗಾತ್ರ. ದೊಡ್ಡ ಕೆ ಹಾಕಿ 'ಕನ್ನಡ.ಟ್ರೇನ್ಡ್‌ಡೇಟಾ' ಎಂದು ಕೇಳಿದರೆ ಬರುವುದು ಬೇರೆಯದು, ಲಿಪಿಯ ಆಧಾರದ ಮಾದರಿ ಇರುವ 'ಟೆಸರಾಕ್ಟ್-ಒಸಿಆರ್-ಸ್ಕ್ರಿಪ್ಟ್-ಕೆಎನ್‌ಡಿಎ'. ಕಮಾಂಡಿನಲ್ಲಿ ಭಾಷೆ 'ಕನ್' ಎಂದು ಕೊಟ್ಟಿದ್ದರೆ ಬೇಕಿರುವುದು ಮೊದಲನೆಯದೇ.

ಕೊಟ್ಟ ಪದ ಪಾತ್‌ನಲ್ಲಿ ಎಲ್ಲಿ ಬಂದರೂ ಇದು ಎತ್ತಿಕೊಳ್ಳುತ್ತದೆ. '/ಬಿನ್/ಡಿಗ್' ಎಂದು ಕೇಳಿದರೆ ಡಿಜಿಕ್ಯಾಮ್ ಕೂಡ ಸಾಲಿನಲ್ಲಿ ಬಂದು ನಿಲ್ಲುತ್ತದೆ. ಕಮಾಂಡ್ ಹುಡುಕುವಾಗ '--ರೆಗ್‌ಎಕ್ಸ್‌ಪಿ' ಸೇರಿಸಿ, ಹೆಸರಿನ ಕೊನೆಗೆ ಡಾಲರ್ ಚಿಹ್ನೆ ಹಾಕಿ, ಎಲ್ಲವನ್ನೂ ಒಂಟಿ ಕೊಟೇಶನ್ ಒಳಗಿಡಿ: '/ಬಿನ್/ಡಿಗ್$'. ಸ್ಕ್ರಿಪ್ಟಿಗೆ ಬರೀ ಪ್ಯಾಕೇಜ್ ಹೆಸರು ಸಾಕಿದ್ದರೆ '--ಪ್ಯಾಕೇಜ್-ಓನ್ಲಿ'.

ಇದರ ಬೆಲೆ ಡೇಟಾ. ಆಪ್ಟ್-ಫೈಲ್ ಹಾಕಿದ ಮೇಲೆ ಮಾಮೂಲಿ 'ಆಪ್ಟ್ ಅಪ್‌ಡೇಟ್' ಕೂಡ ಈ ದೊಡ್ಡ ಪಟ್ಟಿಗಳನ್ನು ಇಳಿಸತೊಡಗುತ್ತದೆ. ಸ್ಥಿರ ಆವೃತ್ತಿಯಲ್ಲಿ ಪಟ್ಟಿ ಬದಲಾಗುವುದು ಅಪರೂಪ, ಹೊರೆ ಅಷ್ಟಾಗಿ ಕಾಣದು. ಟೆಸ್ಟಿಂಗ್ ಬಳಸುವವರಿಗೆ ಕಾಣುತ್ತದೆ. ಕೆಲಸ ಮುಗಿದ ಮೇಲೆ ತೆಗೆದುಹಾಕಿದರೆ ಇಳಿಸುವುದೂ ನಿಲ್ಲುತ್ತದೆ. ಹೊರಗಿನ ರೆಪೊಸಿಟರಿಗಳಲ್ಲಿ ಬಹಳಷ್ಟು ಫೈಲ್ ಪಟ್ಟಿಯನ್ನೇ ಪ್ರಕಟಿಸುವುದಿಲ್ಲ, ಅಂಥವುಗಳ ಫೈಲ್ ಇದರಲ್ಲಿ ಸಿಗದು. ಉಬುಂಟುವಿನಲ್ಲಿ 'ಯೂನಿವರ್ಸ್' ಮುಚ್ಚಿಟ್ಟಿದ್ದರೂ, ಡೆಬಿಯನ್‌ನಲ್ಲಿ 'ನಾನ್-ಫ್ರೀ' ಸೇರಿಸದಿದ್ದರೂ ಅಲ್ಲಿರುವುದು ಕಾಣುವುದಿಲ್ಲ.

ಕಮಾಂಡ್-ನಾಟ್-ಫೌಂಡ್

ಉಬುಂಟುವಿನಲ್ಲಿ ಮೊದಲೇ ಇರುತ್ತದೆ, ಡೆಬಿಯನ್‌ನಲ್ಲಿ ಇದೇ ಹೆಸರಿನ ಪ್ಯಾಕೇಜ್ ಹಾಕಿ ಒಮ್ಮೆ 'ಆಪ್ಟ್ ಅಪ್‌ಡೇಟ್' ಓಡಿಸಬೇಕು. ಇಲ್ಲದ ಕಮಾಂಡ್ ಟೈಪ್ ಮಾಡಿದರೆ ಯಾವ ಪ್ಯಾಕೇಜ್ ಹಾಕಬೇಕೆಂದು ತಾನಾಗಿಯೇ ಹೇಳುತ್ತದೆ, ಕಾಗುಣಿತ ತಪ್ಪಿದ್ದರೆ ಹತ್ತಿರದ ಹೆಸರನ್ನೂ ಸೂಚಿಸುತ್ತದೆ. ಹೊಸಬರಿಗೆ ಇದಕ್ಕಿಂತ ಸುಲಭದ್ದಿಲ್ಲ. ಆದರೆ ಕಮಾಂಡುಗಳನ್ನು ಬಿಟ್ಟು ಬೇರೇನೂ ಇದಕ್ಕೆ ಗೊತ್ತಿಲ್ಲ, ಶೆಲ್ ಸ್ಕ್ರಿಪ್ಟಿನ ಒಳಗೆ ಸಾಮಾನ್ಯವಾಗಿ ಬಾಯಿ ಬಿಡುವುದೂ ಇಲ್ಲ. ಉಬುಂಟುವಿನಲ್ಲಿ ಸ್ನ್ಯಾಪ್ ಮತ್ತು ಆಪ್ಟ್ ಎರಡನ್ನೂ ಒಟ್ಟಿಗೆ ತೋರಿಸುವುದರಿಂದ, ಮೊದಲ ಸಾಲನ್ನೇ ಕಣ್ಣುಮುಚ್ಚಿ ನಕಲಿಸಬೇಡಿ. ಸರ್ವರ್ ಆದರೆ ಆಪ್ಟ್ ಸಾಲನ್ನು ಆರಿಸುವುದು ಲೇಸು.

ಬ್ರೌಸರಿನಲ್ಲೇ ಹುಡುಕುವುದು

ಪ್ಯಾಕೇಜಸ್.ಡೆಬಿಯನ್.ಆರ್ಗ್ ಪುಟದ ಕೆಳಭಾಗದಲ್ಲಿ ಪ್ಯಾಕೇಜುಗಳ ಒಳಗಿನ ಫೈಲ್ ಹುಡುಕುವ ಫಾರ್ಮ್ ಇದೆ. ಉಬುಂಟುವಿಗೂ ಇಂಥದ್ದೇ ತಾಣವಿದೆ. ವರ್ಷಕ್ಕೆ ಒಂದೆರಡು ಸಲ ಈ ಪ್ರಶ್ನೆ ಎದುರಾಗುವವರಿಗೆ ಇದೇ ಸಾಕು, ಯಂತ್ರಕ್ಕೆ ಏನೂ ಹಾಕಬೇಕಿಲ್ಲ, ಫೋನಿನಲ್ಲೂ ಆಗುತ್ತದೆ. ಇದಕ್ಕೆ ಮಾತ್ರ ಇರುವ ಅನುಕೂಲವೆಂದರೆ ಬೇರೆ ಆವೃತ್ತಿಯನ್ನೂ ನೋಡಬಹುದು. ಕೈಲಿರುವುದು ಡೆಬಿಯನ್ 12, ಸರ್ವರ್ ಮುಂದೆ 13ಕ್ಕೆ ಹೋಗಲಿದೆ ಎಂದರೆ ಇಂದೇ ಪರೀಕ್ಷಿಸಿಕೊಳ್ಳಬಹುದು. ಫಾರ್ಮಿನಲ್ಲಿ ಆವೃತ್ತಿಯನ್ನು ಸರಿಯಾಗಿ ಆರಿಸಿಕೊಂಡಿದ್ದೀರಾ ಎಂದು ನೋಡಿಕೊಳ್ಳಿ. ಅದೊಂದು ತಪ್ಪಿದರೆ ಉತ್ತರವೆಲ್ಲ ತಪ್ಪು.

ಫೆಡೋರಾ, ಆರ್ಚ್ ಮತ್ತು ಉಳಿದವು

ಫೆಡೋರಾದಲ್ಲಿ ಆಯ್ಕೆಯ ತಲೆನೋವು ಕಡಿಮೆ. ಇರುವ ಫೈಲಿಗೆ 'ಆರ್‌ಪಿಎಂ --ಕ್ವೆರಿ --ಫೈಲ್', ಇಲ್ಲದ್ದಕ್ಕೆ 'ಡಿಎನ್ಎಫ್ ಪ್ರೊವೈಡ್ಸ್'. ಬೇರೆ ಪ್ಯಾಕೇಜ್ ಬೇಡ. 'ಡಿಎನ್ಎಫ್ ಪ್ರೊವೈಡ್ಸ್ "*/ಕನ್.ಟ್ರೇನ್ಡ್‌ಡೇಟಾ"' ಎಂದರೆ 'ಟೆಸರಾಕ್ಟ್-ಲ್ಯಾಂಗ್‌ಪ್ಯಾಕ್-ಕನ್' ಸಿಗುತ್ತದೆ. ಪಾತ್ ಗೊತ್ತಿದ್ದರೆ ಹುಡುಕಲೇಬೇಕಿಲ್ಲ, 'ಡಿಎನ್ಎಫ್ ಇನ್‌ಸ್ಟಾಲ್ /ಯುಎಸ್ಆರ್/ಬಿನ್/ಡಿಗ್' ಎಂದರೂ ಸರಿಯಾದ ಪ್ಯಾಕೇಜೇ ಬಂದು ಕೂರುತ್ತದೆ. ಈ ಒಂದು ವಿಷಯದಲ್ಲಿ ಡೆಬಿಯನ್ ಹಿಂದೆ ಬಿದ್ದಿದೆ.

ಮೊದಲ ಹುಡುಕಾಟ ನಿಧಾನವಾಗುವುದಕ್ಕೆ ಕಾರಣವಿದೆ. ರೆಪೊಸಿಟರಿಯ ಮುಖ್ಯ ಮಾಹಿತಿಯಲ್ಲಿ ಬಿನ್ ಫೋಲ್ಡರುಗಳ ಮತ್ತು /ಇಟಿಸಿಯ ಫೈಲುಗಳು ಮಾತ್ರ ಇರುತ್ತವೆ, ಉಳಿದವು ಪ್ರತ್ಯೇಕವಾದ ದೊಡ್ಡ ಪಟ್ಟಿಯಲ್ಲಿ. ಫೆಡೋರಾ 40ರಿಂದ ಆ ಪಟ್ಟಿಯನ್ನು ಬೇಕಾದಾಗ ಮಾತ್ರ ಇಳಿಸಿಕೊಳ್ಳುತ್ತದೆ. ಮೆಮೊರಿ ಕಡಿಮೆಯಿರುವ ಸರ್ವರಿನಲ್ಲಿ ಈ ಹಂತದಲ್ಲೇ ಡಿಎನ್ಎಫ್ ಸತ್ತುಹೋಗುವುದುಂಟು, ಆಗ ತಾತ್ಕಾಲಿಕವಾಗಿ ಸ್ವಾಪ್ ಕೊಡಿ. ಆರ್‌ಎಚ್‌ಇಎಲ್ ಬಗೆಯ ಸರ್ವರುಗಳಲ್ಲಿ ಫೈಲ್ ಸಿಗದಿದ್ದರೆ ಎಪೆಲ್ ಎಂಬ ಹೆಚ್ಚುವರಿ ರೆಪೊಸಿಟರಿ ಸೇರಿಸಿದ್ದೀರಾ ಎಂದು ಮೊದಲು ನೋಡಿ.

ಆರ್ಚ್‌ನಲ್ಲಿ ಇರುವುದಕ್ಕೆ 'ಪ್ಯಾಕ್‌ಮ್ಯಾನ್ --ಕ್ವೆರಿ --ಓನ್ಸ್', ಇಲ್ಲದ್ದಕ್ಕೆ 'ಪ್ಯಾಕ್‌ಮ್ಯಾನ್ --ಫೈಲ್ಸ್', ಅದಕ್ಕೂ ಮೊದಲು ಒಮ್ಮೆ 'ಪ್ಯಾಕ್‌ಮ್ಯಾನ್ --ಫೈಲ್ಸ್ --ರಿಫ್ರೆಶ್'. ಅರ್ಧಂಬರ್ಧ ಅಪ್‌ಗ್ರೇಡ್ ಆಗಿ ಸಿಸ್ಟಂ ಕೆಡುತ್ತದೆಂಬ ಭಯ ಇಲ್ಲಿ ಬೇಡ, ಫೈಲ್ ಪಟ್ಟಿ ಬೇರೆ, ಪ್ಯಾಕೇಜ್ ಪಟ್ಟಿ ಬೇರೆ. ಪದೇ ಪದೇ ಹುಡುಕುವವರು 'ಪಿಕೆಜಿಫೈಲ್' ಹಾಕಿಕೊಳ್ಳಲಿ. ಇಲ್ಲದ ಕಮಾಂಡಿಗೆ ಶೆಲ್‌ನಲ್ಲೇ ಸೂಚನೆ ಕೊಡುವ ಹುಕ್ ಅದರ ಜೊತೆ ಬರುತ್ತದೆ. ಬಳಕೆದಾರರೇ ನಡೆಸುವ ಎಯುಆರ್ ಸಂಗ್ರಹದಲ್ಲಿರುವುದು ಎರಡರಲ್ಲೂ ಕಾಣದು.

ಓಪನ್‌ಸೂಸೆಯಲ್ಲಿ 'ಸಿಎನ್ಎಫ್' ಎಂದು ಹೇಳಿ ಕಮಾಂಡಿನ ಹೆಸರು ಕೊಡಿ, ಬೇರೆ ಫೈಲುಗಳಲ್ಲಿ ಕೆಲವಕ್ಕೆ 'ಝಿಪ್ಪರ್ ಸರ್ಚ್ --ಪ್ರೊವೈಡ್ಸ್'. ಕಂಟೇನರುಗಳಲ್ಲಿ ಎದುರಾಗುವ ಆಲ್ಪೈನ್‌ನ ಸೂಚಿಯಲ್ಲಿ ಫೈಲುಗಳ ಪಟ್ಟಿಯೇ ಇಲ್ಲ, ಆದರೆ ಕಮಾಂಡ್, ಲೈಬ್ರರಿ, ಪಿಕೆಜಿ-ಕಾನ್ಫಿಗ್ (ಬಿಲ್ಡ್ ಮಾಡುವಾಗ ಲೈಬ್ರರಿ ಹುಡುಕಿಕೊಡುವ ಸಾಧನ) ಫೈಲುಗಳಿಗೆ ಗುರುತುಗಳಿವೆ: 'ಎಪಿಕೆ ಸರ್ಚ್ ಸಿಎಂಡಿ:ಡಿಗ್' ಎಂದರೆ 'ಬೈಂಡ್-ಟೂಲ್ಸ್'. ಲೈಬ್ರರಿಗೆ 'ಎಸ್ಒ:', ಪಿಕೆಜಿ-ಕಾನ್ಫಿಗ್‌ಗೆ 'ಪಿಸಿ:'. ಫಾಂಟೋ ಡೇಟಾ ಫೈಲೋ ಆದರೆ ಅವರ ತಾಣದ ಕಂಟೆಂಟ್ಸ್ ಪುಟಕ್ಕೇ ಹೋಗಬೇಕು.

ಸಿಕ್ಕ ಹೆಸರನ್ನೇ ಹಾಕಬೇಕೆಂದಿಲ್ಲ

ಫೈಲ್ ಇರುವ ಪ್ಯಾಕೇಜೂ ನೀವು ಹಾಕಬೇಕಾದ ಪ್ಯಾಕೇಜೂ ಕೆಲವೊಮ್ಮೆ ಒಂದೇ ಆಗಿರುವುದಿಲ್ಲ. ದೊಡ್ಡ ಪಿ ಇರುವ 'ಪೈಥಾನ್.ಎಚ್' ಹೆಡರ್ ಇಲ್ಲವೆಂದು ಪಿಪ್ ಬಿಲ್ಡ್ ನಿಂತಾಗ ಆಪ್ಟ್-ಫೈಲ್ ಡೆಬಿಯನ್ 12ರಲ್ಲಿ 'ಲಿಬ್‌ಪೈಥಾನ್3.11-ಡೆವ್' ಎಂದು ತೋರಿಸುತ್ತದೆ. ಹಾಕಬೇಕಾದ್ದು 'ಪೈಥಾನ್3-ಡೆವ್'. ಅದು ಸರಿಯಾದ ಆವೃತ್ತಿಯನ್ನು ತಾನೇ ಎಳೆದುಕೊಳ್ಳುತ್ತದೆ, ಮುಂದೆ ಅಪ್‌ಗ್ರೇಡ್ ಆದಾಗಲೂ ನಿಮ್ಮ ಸ್ಕ್ರಿಪ್ಟ್ ಕೆಡುವುದಿಲ್ಲ. ಹೆಸರಿನ ನಡುವೆ ಆವೃತ್ತಿಯ ಸಂಖ್ಯೆ ಕಂಡರೆ, ಸಂಖ್ಯೆ ಇಲ್ಲದ ಜೋಡಿ ಹೆಸರು ಇದೆಯೇ ಎಂದು ನೋಡಿ.

ಓಪನ್‌ಸಿವಿ (ಚಿತ್ರ ಸಂಸ್ಕರಣೆಯ ಲೈಬ್ರರಿ) ಬಳಸುವವರಿಗೆ ಎದುರಾಗುವ 'ಲಿಬ್‌ಜಿಎಲ್.ಎಸ್ಒ.1' (ಜಿ ಮತ್ತು ಎಲ್ ದೊಡ್ಡಕ್ಷರ) ಇನ್ನೊಂದು ಪಾಠ. ಹಳೆಯ ಉತ್ತರಗಳೆಲ್ಲ 'ಲಿಬ್‌ಜಿಎಲ್1-ಮೆಸಾ-ಜಿಎಲ್ಎಕ್ಸ್' ಹಾಕಲು ಹೇಳುತ್ತವೆ. ಉಬುಂಟು 24.04 ಮತ್ತು ಡೆಬಿಯನ್ 13ರಲ್ಲಿ ಆ ಪ್ಯಾಕೇಜೇ ಇಲ್ಲ, ಡಾಕರ್ ಬಿಲ್ಡ್ ಅಲ್ಲೇ ಮುರಿಯುತ್ತದೆ. ಫೈಲ್ ಈಗ ಇರುವುದು 'ಲಿಬ್‌ಜಿಎಲ್1' ಒಳಗೆ. ಅಂದಹಾಗೆ, ಪರದೆಯಿಲ್ಲದ ಸರ್ವರಿಗೆ 'ಓಪನ್‌ಸಿವಿ-ಪೈಥಾನ್-ಹೆಡ್‌ಲೆಸ್' ಹಾಕಿದರೆ ಈ ಲೈಬ್ರರಿಯೇ ಬೇಡ.

ಸಿ ಕೋಡ್ ಬಿಲ್ಡ್ ಮಾಡುವಾಗ 'ಜಿಟಿಕೆ4 ಸಿಗಲಿಲ್ಲ' ಎಂಬಂಥ ದೂರು ಬಂದರೆ ಪಿಕೆಜಿ-ಕಾನ್ಫಿಗ್ ಕೇಳುತ್ತಿರುವುದು 'ಜಿಟಿಕೆ4.ಪಿಸಿ' ಎಂಬ ಫೈಲನ್ನು. ಡೆಬಿಯನ್‌ನಲ್ಲಿ ಅದನ್ನೇ ಆಪ್ಟ್-ಫೈಲ್‌ಗೆ ಕೊಟ್ಟರೆ 'ಲಿಬ್‌ಜಿಟಿಕೆ-4-ಡೆವ್' ಬರುತ್ತದೆ. ಫೆಡೋರಾದಲ್ಲಿ 'ಡಿಎನ್ಎಫ್ ಇನ್‌ಸ್ಟಾಲ್ "ಪಿಕೆಜಿಕಾನ್ಫಿಗ್(ಜಿಟಿಕೆ4)"' ಎಂದು ನೇರವಾಗಿ ಬರೆಯಬಹುದು. ಕೊಟೇಶನ್ ಬಿಟ್ಟರೆ ಶೆಲ್ ಆ ಕಂಸಗಳನ್ನು ನೋಡಿ ಜಗಳ ತೆಗೆಯುತ್ತದೆ.

ನಿಮ್ಮ ಕೆಲಸಕ್ಕೆ ತಕ್ಕಂತೆ

ಉಬುಂಟು ಡೆಸ್ಕ್‌ಟಾಪ್ ಬಳಸುತ್ತ ಆಗೊಮ್ಮೆ ಈಗೊಮ್ಮೆ ಟರ್ಮಿನಲ್ ತೆರೆಯುವವರಿಗೆ ಕಮಾಂಡ್-ನಾಟ್-ಫೌಂಡ್ ಮತ್ತು ವೆಬ್ ತಾಣ ಸಾಕು. ಸೋರ್ಸ್‌ನಿಂದ ಬಿಲ್ಡ್ ಮಾಡುವವರು, ಕನ್ನಡ ಫಾಂಟ್‌ ಮತ್ತು ಒಸಿಆರ್ ಜೊತೆ ಕೆಲಸ ಮಾಡುವವರು ಆಪ್ಟ್-ಫೈಲ್ ಇಟ್ಟುಕೊಳ್ಳಲೇಬೇಕು. 'ಲೋಹಿತ್-ಕನ್ನಡ.ಟಿಟಿಎಫ್' (ಎಲ್ ಮತ್ತು ಕೆ ದೊಡ್ಡಕ್ಷರ) ಇರುವುದು 'ಫಾಂಟ್ಸ್-ಲೋಹಿತ್-ಕೆಎನ್‌ಡಿಎ'ಯಲ್ಲಿ, ನೋಟೊ ಕನ್ನಡ ಇರುವುದು 'ಫಾಂಟ್ಸ್-ನೋಟೊ-ಕೋರ್'ನಲ್ಲಿ. ಎರಡನೆಯದರ ಹೆಸರಿನಲ್ಲಿ ಕನ್ನಡದ ಸುಳಿವೇ ಇಲ್ಲ, ಪ್ಯಾಕೇಜ್ ಹೆಸರು ಹುಡುಕುತ್ತ ಕೂತರೆ ಸಿಗುವುದಿಲ್ಲ. ಪ್ರೊಡಕ್ಷನ್ ಸರ್ವರಿನಲ್ಲಿ ಡಿಪಿಕೆಜಿ ಬಿಟ್ಟು ಬೇರೇನೂ ಹಾಕುವ ಅಗತ್ಯವಿಲ್ಲ.

ಡಾಕರ್‌ಫೈಲ್ ಬರೆಯುವವರು ಆಪ್ಟ್-ಫೈಲ್ ಅನ್ನು ಅದರೊಳಗೆ ಸೇರಿಸಬೇಡಿ, ಇಮೇಜ್ ಸುಮ್ಮನೆ ಊದಿಕೊಳ್ಳುತ್ತದೆ. ಅದೇ ಬೇಸ್ ಇಮೇಜಿನಿಂದ ಇನ್ನೊಂದು ಕಂಟೇನರ್ ತೆರೆದು, ಅದರಲ್ಲಿ ಹುಡುಕಿ, ಸಿಕ್ಕ ಹೆಸರನ್ನು ಡಾಕರ್‌ಫೈಲಿಗೆ ಬರೆದುಕೊಂಡು ಅದನ್ನು ಎಸೆಯಿರಿ. ಲ್ಯಾಪ್‌ಟಾಪಿನಲ್ಲಿ ಉಬುಂಟು, ಇಮೇಜಿನಲ್ಲಿ ಡೆಬಿಯನ್ ಇರುವವರು ಲ್ಯಾಪ್‌ಟಾಪಿನ ಉತ್ತರವನ್ನು ನಂಬಿ ಬರೆದಾಗಲೇ ಬಿಲ್ಡ್ ಮುರಿಯುವುದು.

ನೆಟ್ ಇಲ್ಲದ ಲ್ಯಾಬಿಗೆ ಇನ್ನೊಂದು ದಾರಿಯಿದೆ. ಆಪ್ಟ್-ಫೈಲ್ ಬಳಸುವ ಪಟ್ಟಿಗಳು ಡೆಬಿಯನ್ ಮಿರರ್‌ನಲ್ಲಿ 'ಡಿಸ್ಟ್ಸ್' ಫೋಲ್ಡರಿನ ಒಳಗೆ, ಆವೃತ್ತಿಯ ಹೆಸರಿನಡಿ, 'ಮೇನ್' ಫೋಲ್ಡರಿನಲ್ಲಿ ಬಿಡಿಯಾಗಿ ಸಿಗುತ್ತವೆ. 'ಕಂಟೆಂಟ್ಸ್-ಎಎಂಡಿ64.ಜಿಝಡ್' ಮತ್ತು 'ಕಂಟೆಂಟ್ಸ್-ಆಲ್.ಜಿಝಡ್' (ಎರಡರಲ್ಲೂ ಮೊದಲ ಸಿ ದೊಡ್ಡಕ್ಷರ) ಎರಡನ್ನೂ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಫಾಂಟ್, ಭಾಷಾ ಡೇಟಾಗಳಂಥ ಎಲ್ಲ ಪ್ರೊಸೆಸರಿಗೂ ಹೊಂದುವ ಫೈಲುಗಳು ಎರಡನೆಯದರಲ್ಲಿರುತ್ತವೆ, ಅದನ್ನು ಬಿಟ್ಟರೆ ಲೋಹಿತ್ ಕನ್ನಡ ಸಿಗದು. ಆಮೇಲೆ ಬಿಚ್ಚುವ ಅಗತ್ಯವೂ ಇಲ್ಲದೆ 'ಝಡ್‌ಗ್ರೆಪ್' ಹಾಕಿ ಹುಡುಕಬಹುದು. ಒಂದೇ ಎಚ್ಚರ: ಈ ಪಟ್ಟಿಗಳಲ್ಲಿ ಪಾತ್‌ನ ಮೊದಲ ಓರೆಗೆರೆ ಇರುವುದಿಲ್ಲ, ಸಾಲು 'ಯುಎಸ್ಆರ್/' ಎಂದೇ ಶುರುವಾಗುತ್ತದೆ. '/ಯುಎಸ್ಆರ್/ಶೇರ್/ಫಾಂಟ್ಸ್' ಎಂದು ಕೊಟ್ಟರೆ ಒಂದು ಸಾಲೂ ಬರುವುದಿಲ್ಲ, ಮೊದಲ ಓರೆಗೆರೆ ತೆಗೆದರೆ ಬರುತ್ತದೆ.